ತೋಟದ ಶಾಲೆಗೆಷ್ಟು, ಊರ ಶಾಲೆಗೆಷ್ಟು?

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ತಾಲ್ಲೂಕುಗಳು. ಇಲ್ಲಿ ಊರೊಳಗೊಂದು ದೊಡ್ಡ ಸರಕಾರಿ ಶಾಲೆ. ಊರಾಚೆ ಕಬ್ಬಿನ ಹೊಲಗಳ ನಡುವೆ ಮನೆ ಮಾಡಿಕೊಂಡವರ ಮಕ್ಕಳಿಗೆ ತೋಟದ ಶಾಲೆ. ಎರಡಕ್ಕೂ ಸಣ್ಣಪುಟ್ಟ ಖರ್ಚಿಗೆಂದು ಬರುವುದು ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ. ನೂರು ರೂಪಾಯಿಯಲ್ಲಿ ಕೇಂದ್ರದ್ದು 60, ರಾಜ್ಯದ್ದು 40. ಅದನ್ನು ಹಂಚುವ ಕ್ರಮದಲ್ಲಿ ನನಗೆ ನ್ಯಾಯ ಕಾಣುವುದಿಲ್ಲ.

ಮಕ್ಕಳು 30ರವರೆಗಿದ್ದರೆ 10 ಸಾವಿರ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ, 1000ದವರೆಗೆ 75 ಸಾವಿರ, ಅದರಾಚೆ ಒಂದು ಲಕ್ಷ. ಚಿಕ್ಕ ಶಾಲೆಗೂ ಒಂದಿಷ್ಟು ಸಿಗಲೇಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ. 31 ಮಕ್ಕಳಿರುವ ತೋಟದ ಶಾಲೆಯಿಂದ ಒಂದೇ ಒಂದು ಮಗು ಟಿ.ಸಿ. ತೆಗೆದುಕೊಂಡು ಹೋದರೆ 15 ಸಾವಿರ ಕಡಿತವಾಗುತ್ತದೆ. ಹಾಜರಿ ಪುಸ್ತಕ, ಚಾಕ್‌ಪೀಸು, ಫಿನಾಯಿಲು, ಕೆಟ್ಟ ನಲ್ಲಿಯ ರಿಪೇರಿ ಯಾವುದೂ ಕಡಿಮೆಯಾಗುವುದಿಲ್ಲ. ಊರ ಶಾಲೆಯ ಪಾಡು ಇನ್ನೊಂದು ಥರ. 260 ಮಕ್ಕಳಿಗೂ 75 ಸಾವಿರ, 900 ಮಕ್ಕಳಿಗೂ ಅಷ್ಟೇ. 260ರ ಶಾಲೆಯಲ್ಲಿ ಮಗುವಿಗೆ 288 ರೂಪಾಯಿ ಬಿದ್ದರೆ 900ರ ಶಾಲೆಯಲ್ಲಿ 83. ಅನುದಾನದಲ್ಲಿ ಶೇ 10ನ್ನಾದರೂ ಸ್ವಚ್ಛತೆಗೆ ತೆಗೆದಿಡಬೇಕೆಂಬ ನಿಯಮವಿದೆ. 75 ಸಾವಿರದ ಶೇ 10 ಎಂದರೆ ತಿಂಗಳಿಗೆ 625 ರೂಪಾಯಿ. 900 ಮಕ್ಕಳು ಬಳಸುವ ಶೌಚಾಲಯವನ್ನು ಅದರಲ್ಲಿ ತೊಳೆಸುವುದು ಹೇಗೆ? ಹೆಚ್ಚು ತೆಗೆದರೆ ಉಳಿದ ಕೆಲಸ ನಿಲ್ಲುತ್ತದೆ.

ಈ ಸೂತ್ರಕ್ಕೆ ತಲೆಯೆಣಿಕೆ ಬಿಟ್ಟು ಬೇರೇನೂ ತಿಳಿಯದು. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿದಳು. ಕಟ್ಟಡ ದುರಸ್ತಿಗೆ ಬೇರೆ ಬಾಬತ್ತಿನ ಹಣವಿದೆ, ನಿಜ. ನೆರೆನೀರಲ್ಲಿ ನೆನೆದ ನಕಾಶೆಗಳಿಗೆ ಮಾತ್ರ ಇದೇ ಅನುದಾನದತ್ತ ನೋಡಬೇಕು. ತಾಲ್ಲೂಕು ತಾಲ್ಲೂಕನ್ನು ಅಳೆದು ಹಿಂದುಳಿಕೆ ಗುರುತಿಸುವ ದಾರಿಯನ್ನು ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ತೋರಿಸಿಕೊಟ್ಟಿತ್ತು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ಬಲದ ಅಭಿವೃದ್ಧಿ ಮಂಡಳಿಯೂ ಇದೆ, ಬೆಳಗಾವಿ ಜಿಲ್ಲೆ ಅದರ ಹೊರಗೆ. ಹಾಗಿರುವಾಗ ಶಾಲಾ ಅನುದಾನದ ಸೂತ್ರವಾದರೂ ಹಿಂದುಳಿಕೆಯ ಆ ಅಳತೆಯನ್ನು ಒಳಗೊಳ್ಳಬೇಕಿತ್ತು.

ಪ್ರತಿ ಶಾಲೆಗೆ ಒಂದು ನಿಶ್ಚಿತ ಮೊತ್ತ, ಅದರ ಮೇಲೆ ಮಗುವಿಗಿಷ್ಟು, ನೆರೆ ಬರುವ ನದಿದಂಡೆಯ ಶಾಲೆಗೆ ಇನ್ನಷ್ಟು ಎಂದು ಕೊಡಲಿ. ದಿಲ್ಲಿಯ ಮಾರ್ಗಸೂಚಿ ಬದಲಾಗಲೆಂದು ಕಾಯಬೇಕಿಲ್ಲ. ಸರಕಾರಿ ಶಾಲೆಗಳ ಕರೆಂಟು, ನೀರಿನ ಖರ್ಚನ್ನು ತಾನೇ ಹೊರುವುದಾಗಿ 2023ರಲ್ಲಿ ಘೋಷಿಸಿದ ರಾಜ್ಯ ಸರಕಾರ ಈ ಕೊರತೆಯನ್ನೂ ತನ್ನ ಬಜೆಟ್ಟಿನಿಂದ ತುಂಬಿಕೊಡಬಹುದು.