ಪುಸ್ತಕದ ಅಂಚು

ನಮ್ಮ ಹುಡುಗರು ಅನಂತಮೂರ್ತಿಯವರ ‘ಸಂಸ್ಕಾರ’ (1965) ಓದುವುದು ಗೈಡಿನ ಕಣ್ಣಿಂದ. ಪ್ರಾಣೇಶಾಚಾರ್ಯರ ದ್ವಂದ್ವದ ಕೆಳಗೆಲ್ಲ ಗೆರೆ ಎಳೀತಾರೆ; ಪರೀಕ್ಷೆಗೆ ಬರುತ್ತಲ್ಲ! ನಾವೂ ಹಾಗೇ ಎಳೆದವರು. ಆದರೆ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕೆಂದು ಅಗ್ರಹಾರ ಗ್ರಂಥ ತಡಕುತ್ತಿರುವಾಗಲೇ ಅದೇ ಕಾದಂಬರಿಯ ಹೊಲಗೇರಿಯಲ್ಲೂ ಜನ ಸಾಯುತ್ತಾರೆ, ಗುಡಿಸಲು ಸಮೇತ ಸುಟ್ಟುಹೋಗುತ್ತಾರೆ. ಆ ಸಾಲುಗಳ ಪಕ್ಕ ಪೆನ್ಸಿಲ್ ಗುರುತು ಎಲ್ಲಿ? ಇವರ ಸಂಸ್ಕಾರ ಯಾರಿಗೆ ಸಮಸ್ಯೆಯಾಯ್ತು ಅಂತ ಅಂಚಿನಲ್ಲಿ ಬರೆಯಿರಿ. (ಲೈಬ್ರರಿ ಪುಸ್ತಕವಾದರೆ ಗೀಚಬೇಡಿ, ನೋಟ್‌ಬುಕ್ಕಿನಲ್ಲಿ ಬರಕೊಳ್ಳಿ.) ಈ ಕಾದಂಬರಿ ಅಗ್ರಹಾರದ ಕೊಳೆಯನ್ನು ಬಯಲಿಗೆಳೆಯಿತು, ಅದನ್ನು ನಾವು ಅಲ್ಲಗಳೆಯೋದಿಲ್ಲ. ಕೇರಿಯನ್ನು ಮಾತ್ರ ದೂರದಿಂದಲೇ ನೋಡಿ ಮುಂದೆ ಹೋಯಿತು ಎಂಬುದು ನಮ್ಮ ತಕರಾರು. ತಪ್ಪೆನಿಸಿದರೆ ಗೈಡು ಮನೆಯಲ್ಲಿಟ್ಟು, ಪುಟಸಂಖ್ಯೆ ಗುರುತು ಹಾಕಿಕೊಂಡು ಜಗಳಕ್ಕೆ ಬನ್ನಿ.