ಹಾರುವ ತಟ್ಟೆಗಳ ಐತಿಹ್ಯ ಮತ್ತು ಸಂಗ್ರಾಹಕರ ಹೊಣೆಗಾರಿಕೆ

ಐತಿಹ್ಯವೊಂದು ನಿಜವೇ ಸುಳ್ಳೇ ಎಂದು ತೀರ್ಪು ನೀಡುವುದು ಜಾನಪದ ವಿದ್ವಾಂಸನ ಮೊದಲ ಕೆಲಸವಲ್ಲ. ಅದನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು, ಬಾಯಿಂದ ಬಾಯಿಗೆ ಸಾಗುತ್ತ ಅದು ಹೇಗೆ ಬೆಳೆಯಿತು ಎಂಬುದನ್ನು ದಾಖಲಿಸುವುದು ಅವನ ಹೊಣೆ. ಕನ್ನಡದ ಜನಪದ ಸಂಕಲನಗಳಲ್ಲಿ ವಕ್ತೃಗಳ ಹೆಸರು, ವಯಸ್ಸು, ಊರುಗಳನ್ನು ನಮೂದಿಸುವ ಪದ್ಧತಿ ಈ ಹೊಣೆಯ ಕುರುಹು. ಅಮೆರಿಕದಲ್ಲಿ 1947ರಿಂದ ಬೆಳೆದುಬಂದ ಹಾರುವ ತಟ್ಟೆಗಳ ಕಥನ ಆಧುನಿಕ ಐತಿಹ್ಯದ ಬಹುದೊಡ್ಡ ರಾಶಿ. ಆದರೆ ಅದನ್ನು ಸಂಗ್ರಹಿಸಿ ತಮ್ಮನ್ನು ಸಂಶೋಧಕರೆಂದು ಕರೆದುಕೊಂಡವರಲ್ಲಿ ಅನೇಕರು ಈ ಹೊಣೆಯನ್ನು ಹೊರಲಿಲ್ಲ. ಇಲ್ಲಿನ ವಿಮರ್ಶೆ ಆಕಾಶದಲ್ಲಿ ಏನನ್ನೋ ಕಂಡವರನ್ನು ಕುರಿತದ್ದಲ್ಲ. ಅವರ ಮಾತನ್ನು ಸಾಕ್ಷ್ಯವೆಂದು ಮುಂದಿಟ್ಟವರನ್ನು ಕುರಿತದ್ದು.

ನ್ಯೂ ಮೆಕ್ಸಿಕೋ ರಾಜ್ಯದ ರಾಸ್‌ವೆಲ್ ಪ್ರಕರಣ ಇದಕ್ಕೆ ತಕ್ಕ ನಿದರ್ಶನ. 1947ರ ಜುಲೈ 8ರಂದು ಅಲ್ಲಿನ ಸೇನಾ ವಾಯುನೆಲೆಯು ಹಾರುವ ತಟ್ಟೆಯೊಂದು ತನ್ನ ವಶಕ್ಕೆ ಬಂದಿದೆಯೆಂದು ಪ್ರಕಟಿಸಿತು; ಮೇಲಧಿಕಾರಿಗಳು ಕೂಡಲೇ ಅದು ಹವಾಮಾನ ಬಲೂನು ಎಂದರು. ಅವಶೇಷವನ್ನು ಕಂಡ ಪಶುಪಾಲಕ ಮ್ಯಾಕ್ ಬ್ರೇಜಲ್ ಸ್ಥಳೀಯ ಪತ್ರಿಕೆಗೆ ಹೇಳಿದ್ದು ರಬ್ಬರು, ತೆಳು ತಗಡಿನ ಹಾಳೆ, ಗಟ್ಟಿ ಕಾಗದ, ಕಡ್ಡಿಗಳು ಮತ್ತು ಹೂವಿನ ಚಿತ್ರವಿದ್ದ ಅಂಟುಪಟ್ಟಿಯ ಬಗೆಗೆ. ಶವಗಳ ಪ್ರಸ್ತಾಪ ಅಲ್ಲಿಲ್ಲ. 1978ರಲ್ಲಿ ಸ್ಟಾಂಟನ್ ಫ್ರೀಡ್‌ಮನ್ ಅವರು ನಿವೃತ್ತ ಅಧಿಕಾರಿ ಜೆಸ್ಸಿ ಮಾರ್ಸೆಲ್‌ರನ್ನು ಸಂದರ್ಶಿಸಿದರು. 1980ರಲ್ಲಿ ಚಾರ್ಲ್ಸ್ ಬರ್ಲಿಟ್ಜ್ ಮತ್ತು ವಿಲಿಯಂ ಮೂರ್ ಅವರ ಪುಸ್ತಕ ಹೊರಬಂದಿತು. ಅಲ್ಲಿಂದ ಮುಂದೆ ಅನ್ಯಲೋಕದವರ ಶವಗಳು, ಬೆದರಿಕೆಗೊಳಗಾದ ಸಾಕ್ಷಿಗಳು, ಮತ್ತೊಂದು ಪತನಸ್ಥಳ ಮೊದಲಾದ ಆಶಯಗಳು ಕಥೆಗೆ ಸೇರುತ್ತ ಹೋದವು. ಕಣ್ಣಾರೆ ಕಂಡದ್ದನ್ನೂ ಮೂವತ್ತು ವರ್ಷಗಳ ಬಳಿಕದ ನೆನಪನ್ನೂ ಮೂರನೆಯವರಿಂದ ಕೇಳಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಮೊದಲ ದೋಷ. ಪಾಠಾಂತರಗಳೆಂದು ಪಕ್ಕಪಕ್ಕದಲ್ಲಿ ಇಡಬೇಕಾದುದನ್ನು ಒಂದಕ್ಕೊಂದು ಒತ್ತಾಸೆಯಾದ ಪುರಾವೆಗಳೆಂದು ಕೂಡಿಸಲಾಯಿತು.

ಸರ್ಕಾರವೂ ಇಲ್ಲಿ ನಿರ್ದೋಷಿಯಲ್ಲ. ಸೋವಿಯತ್ ಅಣುಸ್ಫೋಟಗಳನ್ನು ಪತ್ತೆಹಚ್ಚಲು ರೂಪಿಸಿದ್ದ ‘ಮೊಗಲ್’ ಎಂಬ ರಹಸ್ಯ ಯೋಜನೆಯ ಬಲೂನುಗಳೇ ಆ ಅವಶೇಷದ ಸಂಭವನೀಯ ಮೂಲವೆಂದು ವಾಯುಸೇನೆ ಹೇಳಿದ್ದು 1994ರಲ್ಲಿ. 47 ವರ್ಷಗಳ ಗೋಪ್ಯತೆ ಶಂಕೆಗೆ ನೀರೆರೆಯಿತು. ಆದರೆ ಅಧಿಕಾರದ ಗೋಪ್ಯತೆಯನ್ನು ಖಂಡಿಸುವವರು ತಮ್ಮ ಆಕರಗಳ ವಿಷಯದಲ್ಲಿ ಹೆಚ್ಚು ಪಾರದರ್ಶಕರಾಗಿರಬೇಕಿತ್ತು. ನಡೆದದ್ದು ಬೇರೆ. 1987ರಲ್ಲಿ ಮೂರ್ ಮತ್ತು ಸಂಗಡಿಗರು ಪ್ರಕಟಿಸಿದ ‘ಮೆಜೆಸ್ಟಿಕ್-12’ ದಾಖಲೆಗಳು ಅನಾಮಧೇಯ ಅಂಚೆಯಲ್ಲಿ ಬಂದ ಫಿಲ್ಮಿನ ಛಾಯೆಗಳು. ಮೂಲಪ್ರತಿ ಯಾರ ಕೈಯಲ್ಲೂ ಇರಲಿಲ್ಲ. ಅದರಲ್ಲಿನ ಅಧ್ಯಕ್ಷ ಟ್ರೂಮನ್ನರ ಸಹಿಯು ಬೇರೊಂದು ನೈಜ ಪತ್ರದ ಸಹಿಯ ಪಡಿಯಚ್ಚೆಂದು ಫಿಲಿಪ್ ಕ್ಲಾಸ್ ತೋರಿಸಿದರು. ಎಫ್‌ಬಿಐ ಕಡತದಲ್ಲಿ ಅವು ಸಂಪೂರ್ಣ ನಕಲಿಯೆಂದು ದಾಖಲಾಗಿದೆ. 1989ರ ಲಾಸ್ ವೇಗಸ್ ಸಮ್ಮೇಳನದಲ್ಲಿ ಸ್ವತಃ ಮೂರ್, ತಾವು ಸಹಸಂಶೋಧಕರ ಮಾಹಿತಿಯನ್ನು ಗುಪ್ತಚರರಿಗೆ ಒದಗಿಸುತ್ತಿದ್ದುದನ್ನೂ ಪಾಲ್ ಬೆನ್ನೆವಿಟ್ಜ್ ಎಂಬ ಉದ್ಯಮಿಗೆ ಸುಳ್ಳು ಉಣಿಸುವ ಕಾರ್ಯಾಚರಣೆಯಲ್ಲಿ ತಿಳಿದೂ ಪಾಲುಗೊಂಡುದನ್ನೂ ಒಪ್ಪಿಕೊಂಡರು. ಅಷ್ಟರಲ್ಲಿ ಬೆನ್ನೆವಿಟ್ಜ್ ಅವರ ಮನಃಸ್ವಾಸ್ಥ್ಯ ಕುಸಿದಿತ್ತು. ಅವರು ನಂಬಿದ್ದ ಭೂಗತ ನೆಲೆಯ ಕಥೆ ಮಾತ್ರ ಇಂದಿಗೂ ಚಲಾವಣೆಯಲ್ಲಿದೆ.

ಈ ಪ್ರವೃತ್ತಿಯ ಅತ್ಯಂತ ಖೇದಕರ ರೂಪ 2015ರಲ್ಲಿ ಕಾಣಿಸಿತು. ಹಳೆಯ ಎರಡು ಸ್ಲೈಡುಗಳಲ್ಲಿರುವುದು ರಾಸ್‌ವೆಲ್‌ನ ಅನ್ಯಲೋಕದ ಜೀವಿಯ ಶವವೆಂದು ಪ್ರಚಾರ ಮಾಡಿ, ಅದೇ ವರ್ಷದ ಮೇ 5ರಂದು ಮೆಕ್ಸಿಕೋ ನಗರದ ಸಭಾಂಗಣದಲ್ಲಿ ಹೈಮೆ ಮೌಸಾನ್ ಅವರ ನೇತೃತ್ವದಲ್ಲಿ ಟಿಕೆಟ್ಟಿಟ್ಟು ಪ್ರದರ್ಶಿಸಲಾಯಿತು. ಚಿತ್ರದಲ್ಲಿ ದೇಹದ ಬಳಿ ಒಂದು ಫಲಕವಿತ್ತು. ಅದರ ಬರಹವನ್ನು ಓದಲಾಗದೆಂದು ಪ್ರಚಾರಕರು ಹೇಳಿದ್ದರು. ಸ್ಪಷ್ಟ ಪ್ರತಿ ಹೊರಬಿದ್ದ ಕೆಲವೇ ದಿನಗಳಲ್ಲಿ ಆಸಕ್ತರ ಗುಂಪೊಂದು ಅದನ್ನು ಓದಿತು. ಅದು ಎರಡು ವರ್ಷದ ಗಂಡುಮಗುವಿನ ಒಣಗಿದ ದೇಹ. ಅಮೆರಿಕದ ಮೂಲನಿವಾಸಿಗಳ ಪ್ರಾಚೀನ ನೆಲೆಯಿಂದ ತಂದು ಮೀಸಾ ವರ್ಡೆಯ ವಸ್ತುಸಂಗ್ರಹಾಲಯದಲ್ಲಿ ಇಡಲಾಗಿದ್ದುದು. ಮೂಲನಿವಾಸಿಗಳ ಅಸ್ಥಿ ಅವಶೇಷಗಳನ್ನು ಅವರ ಸಮುದಾಯಕ್ಕೆ ಹಿಂದಿರುಗಿಸಬೇಕೆಂಬ ಕಾನೂನು ಆ ದೇಶದಲ್ಲಿ 1990ರಲ್ಲೇ ಬಂದಿತ್ತು. ಒಂದು ಸಮುದಾಯ ಹತ್ತಿಬಟ್ಟೆ ಸುತ್ತಿ ಮಣ್ಣು ಮಾಡಿದ ಕೂಸು ಹೀಗೆ ಹಣ ತೆತ್ತು ನೋಡುವ ವಿಚಿತ್ರವಾಯಿತು. ಪ್ರಚಾರಕರಲ್ಲಿ ಕೆಲವರು ಕ್ಷಮೆ ಕೋರಿದರೂ, ಪ್ರದರ್ಶನದ ಅಬ್ಬರಕ್ಕೆ ಹೋಲಿಸಿದರೆ ಆ ಧ್ವನಿ ಕ್ಷೀಣವಾಗಿತ್ತು.

ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಆ ಫಲಕವನ್ನು ಓದಿದವರಲ್ಲಿ ಹಾರುವ ತಟ್ಟೆಗಳ ಅಭ್ಯಾಸಿಗಳೂ ಇದ್ದರು. ರಾಸ್‌ವೆಲ್ ದಾಖಲೆಗಳ ಬಹಿರಂಗಕ್ಕಾಗಿ ಚಳುವಳಿ ನಡೆಸಿದ್ದ ವಿಮಾನಚಾಲಕ ಕೆಂಟ್ ಜೆಫ್ರಿ, ಅಲ್ಲಿ ಅನ್ಯಲೋಕದ ನೌಕೆ ಬೀಳಲಿಲ್ಲವೆಂಬ ನಿಲುವಿಗೆ ಬಂದಾಗ 1997ರಲ್ಲಿ ಅದನ್ನು ತಮ್ಮ ಬಳಗದ ಪತ್ರಿಕೆಯಲ್ಲೇ ಪ್ರಕಟಿಸಿದರು. ಬೌದ್ಧಿಕ ಪ್ರಾಮಾಣಿಕತೆಯೆಂದರೆ ತಪ್ಪು ಮಾಡದಿರುವುದಲ್ಲ. ತಪ್ಪನ್ನು ಹೇಳಿದ ಕಡೆಯಲ್ಲೇ ತಿದ್ದುಪಡಿಯನ್ನೂ ಹೇಳುವುದು.

ಜಾನಪದ ಕ್ಷೇತ್ರಕ್ಕೂ ಈ ಪ್ರಕರಣಗಳು ಹೊರಗಿನವಲ್ಲ. ಸಂಗ್ರಾಹಕರು ತಿದ್ದಿ ತೀಡಿ ಜನಪದರದೆಂದು ಮಾರುವ ಸರಕನ್ನು ರಿಚರ್ಡ್ ಡಾರ್ಸನ್ 1950ರಲ್ಲೇ ಹುಸಿಜಾನಪದವೆಂದು ಕರೆದರು. ಆಕರವನ್ನು ಪರೀಕ್ಷೆಗೆ ತೆರೆದಿಡುವುದು, ವಕ್ತೃವಿನ ಮಾತಿಗೂ ಸಂಗ್ರಾಹಕನ ಊಹೆಗೂ ನಡುವಣ ಗೆರೆಯನ್ನು ಕಾಯುವುದು, ವಕ್ತೃ ಮಾತು ಬದಲಿಸಿದರೆ ಅದನ್ನೂ ದಾಖಲಿಸುವುದು ಉಭಯತ್ರರಿಗೂ ಸಮಾನ ಧರ್ಮ. ಅದನ್ನು ಮರೆತಾಗ ನಷ್ಟವಾಗುವುದು ಸಂಶೋಧಕರ ಕೀರ್ತಿಯಷ್ಟೇ ಅಲ್ಲ. ನಂಬಿ ಮಾತು ಕೊಟ್ಟವರ ಮರ್ಯಾದೆ, ಮತ್ತು ಆ ಮಗುವಿನಂತೆ ಮಾತನಾಡಲಾಗದವರ ಘನತೆ.