ಸಿಸಿಲಿಗೆ ಪ್ರದಕ್ಷಿಣೆ

ಮೆಡಿಟರೇನಿಯನ್ ಸಮುದ್ರದ ದ್ವೀಪಗಳಲ್ಲೆಲ್ಲ ದೊಡ್ಡದು ಸಿಸಿಲಿ. ಅಲ್ಲಿಗೆ ರಜೆಗೆ ಹೊರಟವರ ಪ್ಲಾನುಗಳನ್ನು ನಾಲ್ಕಾರು ಮುಂದಿಟ್ಟುಕೊಂಡು ನೋಡಿ. ಬರೆದವರು ಬೇರೆ ಬೇರೆ, ಬರೆದದ್ದು ಮಾತ್ರ ಒಂದೇ. ಮೊದಲ ದಿನ ಪಲೆರ್ಮೊ. ಎರಡಕ್ಕೆ ಮೊನ್ರಿಯಾಲೆ, ಸೆಜೆಸ್ಟಾ. ಮೂರಕ್ಕೆ ಅಗ್ರಿಜೆಂಟೊದ ಗ್ರೀಕ್ ಗುಡಿಗಳು. ನಾಲ್ಕಕ್ಕೆ ಪಿಯಾಟ್ಸಾ ಅರ್ಮೆರೀನಾ ಮುಟ್ಟಿಸಿ ರಗೂಸಾ, ನೋಟೊ. ಐದಕ್ಕೆ ಸಿರಕೂಸಾ, ಆರಕ್ಕೆ ಎಟ್ನಾ ಮತ್ತು ತಾವೊರ್ಮಿನಾ, ಏಳಕ್ಕೆ ಚೆಫಲುವಿನಲ್ಲಿ ಊಟ ಮಾಡಿ ವಾಪಸ್ ಪಲೆರ್ಮೊದ ವಿಮಾನ ನಿಲ್ದಾಣ. ಟೂರ್ ಕಂಪನಿಯ ಬಸ್ಸಿನಲ್ಲಿ ಹೋಗುವವರದೂ ಇದೇ, ಬಾಡಿಗೆ ಕಾರು ಹಿಡಿದು ಸ್ವಂತ ಬುದ್ಧಿಯಿಂದ ಹೊರಟೆವೆಂದುಕೊಂಡವರದೂ ಇದೇ.

ಈ ಏಳು ದಿನದ ಸುತ್ತಾಟ ಕೆಟ್ಟ ಯೋಜನೆ ಎಂಬುದು ನನ್ನ ತೀರ್ಮಾನ. ದಿನಾ ಹೊಸ ಹೋಟೆಲ್, ದಿನಾ ಸೂಟ್‌ಕೇಸ್ ಕಟ್ಟುವ ಕೆಲಸ, ಇವೆಲ್ಲ ಇದ್ದದ್ದೇ. ಅದನ್ನು ಸಹಿಸುವ ಮೈಗಟ್ಟು ನಮ್ಮವರಿಗಿದೆ. ದೋಷ ಬೇರೆ ಕಡೆ ಇದೆ. ಇದು ಭೂಪಟದ ಅಂಚಿನ ಗೆರೆಯ ಮೇಲೆ ಬೆರಳಾಡಿಸಿ ಮಾಡಿದ ಪ್ಲಾನು. ದ್ವೀಪ ಅಂದಮೇಲೆ ಸುತ್ತಬೇಕು ಎಂಬ ಹಟ ಅದರ ತಳದಲ್ಲಿದೆ. ದೇವಸ್ಥಾನಕ್ಕೆ ಪ್ರದಕ್ಷಿಣೆ ಬಂದು ಗರ್ಭಗುಡಿಯ ಕಡೆ ತಿರುಗಿಯೂ ನೋಡದೆ ಚಪ್ಪಲಿ ಹಾಕಿಕೊಂಡ ಹಾಗೆ.

ಸಿಸಿಲಿಯ ವಿಸ್ತೀರ್ಣ ಸುಮಾರು 25,700 ಚದರ ಕಿಲೋಮೀಟರ್, ಕರ್ನಾಟಕದ ಏಳನೇ ಒಂದು ಪಾಲಿಗಿಂತ ತುಸು ಕಡಿಮೆ. ಇಷ್ಟೇ ತಾನೆ ಅನ್ನಿಸುವುದು ಸಹಜ. ಪಲೆರ್ಮೊದಿಂದ ಕಟಾನಿಯಾಕ್ಕೆ ಹೆದ್ದಾರಿಯಲ್ಲಿ ಇನ್ನೂರು ಕಿಲೋಮೀಟರ್ ಆಸುಪಾಸು, ಎರಡೂವರೆ ಗಂಟೆ. ಆದರೆ ಹೆದ್ದಾರಿ ಬಿಟ್ಟು ಇಳಿದರೆ ಲೆಕ್ಕ ತಪ್ಪುತ್ತದೆ. ಒಳನಾಡಿನ ಬಹುಪಾಲು ಜೇಡಿಮಣ್ಣಿನ ಗುಡ್ಡ. ಮಳೆಗೆ ಜಾರುವ ನೆಲ. 2015ರ ಏಪ್ರಿಲ್‌ನಲ್ಲಿ ಗುಡ್ಡ ಕುಸಿದು ಈ ಹೆದ್ದಾರಿಯ ಇಮೇರಾ ಸೇತುವೆಯ ಕಂಬಗಳೇ ವಾಲಿದವು. ದ್ವೀಪದ ಎರಡು ದೊಡ್ಡ ಊರುಗಳ ನಡುವಿನ ನೇರ ದಾರಿ ಒಮ್ಮೆಲೇ ಕಡಿದುಹೋಯಿತು, ವಾಹನಗಳು ಬೆಟ್ಟದ ಸಣ್ಣ ರಸ್ತೆ ಹಿಡಿದವು. ಹೊಸ ಸೇತುವೆ ಸಂಚಾರಕ್ಕೆ ಸಿಕ್ಕಿದ್ದು 2020ರ ಜುಲೈಯಲ್ಲಿ. ಫೋನಿನ ಮ್ಯಾಪು ಹೇಳುವ ಗಂಟೆಗೆ ಮುಕ್ಕಾಲು ಗಂಟೆ ಸೇರಿಸಿಕೊಳ್ಳದೆ ಇಲ್ಲಿ ಪ್ಲಾನು ಮಾಡಬಾರದು.

ಆ ಪಟ್ಟಿಯ ನಾಲ್ಕನೆಯ ದಿನವನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಅಗ್ರಿಜೆಂಟೊ ಬಿಟ್ಟು ಸುಮಾರು ನೂರು ಕಿಲೋಮೀಟರ್ ಬಂದರೆ ಪಿಯಾಟ್ಸಾ ಅರ್ಮೆರೀನಾ. ಊರಾಚೆಯ ಕಣಿವೆಯಲ್ಲಿ 4ನೇ ಶತಮಾನದ ರೋಮನ್ ಸಿರಿವಂತನೊಬ್ಬನ ಮನೆ ಇದೆ, ವಿಲ್ಲಾ ರೊಮಾನಾ ದೆಲ್ ಕಸಾಲೆ. ನೆಲದ ತುಂಬ ಬಣ್ಣದ ಕಲ್ಲಿನ ಚೂರು ಕೂಡಿಸಿ ಮಾಡಿದ ಚಿತ್ರಗಳು, ಒಟ್ಟು ಸುಮಾರು 3,500 ಚದರ ಮೀಟರ್. ಪಟ್ಟಿಯಲ್ಲಿ ಇದಕ್ಕೆ ಒಂದು ಗಂಟೆ. ಆ ಗಂಟೆಯಲ್ಲಿ ಜನ ಹುಡುಕಿಕೊಂಡು ಹೋಗುವುದು ಬಿಕಿನಿಯಂಥ ತುಂಡುಬಟ್ಟೆ ಉಟ್ಟು ಚಕ್ರ ಎಸೆಯುತ್ತ, ಚೆಂಡಾಡುತ್ತ ಇರುವ ಹುಡುಗಿಯರ ಕೋಣೆಯನ್ನು. ಫೋಟೊ ಆಗುತ್ತದೆ, ಗಂಟೆ ಮುಗಿಯುತ್ತದೆ. ಅದಕ್ಕೆ ಹತ್ತಿರದಲ್ಲೇ ಸುಮಾರು 60 ಮೀಟರ್ ಉದ್ದದ ಮೊಗಸಾಲೆಯೊಂದಿದೆ. ಉದ್ದಕ್ಕೂ ಬೇಟೆ. ಕೊಲ್ಲುವ ಬೇಟೆಗಿಂತ ಹೆಚ್ಚಾಗಿ ಜೀವಂತ ಹಿಡಿಯುವ ಬೇಟೆ. ರೋಮಿನ ಅಖಾಡಗಳಿಗೆ ಮೃಗಗಳು ಬೇಕಲ್ಲ. ಉಷ್ಟ್ರಪಕ್ಷಿಯನ್ನು ತಬ್ಬಿ ಎತ್ತಿಕೊಂಡು ಹಲಗೆ ಹತ್ತಿ ಹಡಗಿಗೆ ಸಾಗಿಸುವ ಆಳು, ಕೆಸರಿನಿಂದ ಎಳೆಸಿಕೊಳ್ಳುತ್ತಿರುವ ಖಡ್ಗಮೃಗ, ಗಾಜಿನ ಗೋಳದಲ್ಲಿ ತನ್ನದೇ ಬಿಂಬ ಕಂಡು ಮರಿ ಎಂದು ಮೋಸಹೋಗುವ ಹೆಣ್ಣುಹುಲಿ. ದಕ್ಷಿಣದ ತುದಿಯ ಅರ್ಧವೃತ್ತದಲ್ಲಿ ಕಪ್ಪುಮೈಯ ಹೆಂಗಸೊಬ್ಬಳು ಆನೆಯ ದಂತ ಹಿಡಿದು ಕೂತಿದ್ದಾಳೆ, ಒಂದು ಪಕ್ಕ ಆನೆ, ಇನ್ನೊಂದು ಪಕ್ಕ ಹುಲಿ. ಇವಳು ಭಾರತ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಬೇರೆ ಹೆಸರು ಹೇಳುವವರೂ ಇದ್ದಾರೆ. ಆಫ್ರಿಕಾದಲ್ಲಿ ಹುಲಿ ಇಲ್ಲವಾದ್ದರಿಂದ ನಾನು ಮೊದಲನೆಯವರ ಪಕ್ಷ. ಬೆಂಗಳೂರಿನಿಂದ ಅಷ್ಟು ದೂರ ಹೋದವರು ಅವಳಿಂದ ನಾಲ್ಕು ಮಾರು ಆಚೆ ಹಾದು ಬಸ್ಸಿಗೆ ಓಡುತ್ತಾರೆ, ನೋಟೊದಲ್ಲಿ ಸಂಜೆಬೆಳಕು ತಪ್ಪಬಾರದೆಂದು.

ಇಂಥ ಪಟ್ಟಿ ಹುಟ್ಟುವುದಕ್ಕೆ ಪ್ರವಾಸಿಯ ಆಸೆಬುರುಕತನ ಒಂದೇ ಕಾರಣ ಅಂದರೆ ಅನ್ಯಾಯ. ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವ ಭಾರತೀಯ ಹೋಗಿಬರುವ ಟಿಕೆಟ್ ಬುಕಿಂಗ್, ತಂಗುವ ಕಡೆಯ ಬುಕಿಂಗ್, ಕನಿಷ್ಠ 30,000 ಯೂರೊ ರಕ್ಷಣೆಯ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಮೊದಲೇ ಜೋಡಿಸಬೇಕು; ಜೊತೆಗೆ ದಿನವಾರು ಎಲ್ಲಿರುತ್ತೇವೆಂಬ ಪಟ್ಟಿ. ಜರ್ಮನಿಯವನು ಶುಕ್ರವಾರ ಮನಸ್ಸಾದರೆ ಶನಿವಾರ ಕಟಾನಿಯಾದಲ್ಲಿ ಇಳಿಯಬಲ್ಲ, ಊರು ಹಿಡಿಸಿದರೆ ಇನ್ನೆರಡು ದಿನ ಇರಬಲ್ಲ. ನಮ್ಮವರದು ಅಧಿಕಾರಿ ಒಪ್ಪುವಂತೆ ಬರೆದ ಪ್ರವಾಸ. ಖಾಲಿ ಬಿಟ್ಟ ದಿನ ಅನುಮಾನಕ್ಕೆ ಎಡೆ ಎಂದು ಏಜೆಂಟರು ಹೆದರಿಸುತ್ತಾರೆ, ಎಲ್ಲ ದಿನಕ್ಕೂ ಒಂದೊಂದು ಊರು ತುಂಬುತ್ತದೆ. ವೀಸಾ ಬಂದಮೇಲೆ ಆ ಕಾಗದವನ್ನೇ ಕೈಯಲ್ಲಿ ಹಿಡಿದು ಹೊರಡುತ್ತೇವೆ. ಅಸಲಿಗೆ ಒಂದೇ ಊರಿನಲ್ಲಿ ಐದು ರಾತ್ರಿಯ ಬುಕಿಂಗ್ ತೋರಿಸಿದರೂ ಅದು ಪೂರ್ಣ ಪಟ್ಟಿಯೇ. ನಿಯಮ ಕೇಳುವುದು ಹಾಸಿಗೆಯ ಲೆಕ್ಕ, ಊರುಗಳ ಎಣಿಕೆಯನ್ನಲ್ಲ.

ಪಾಸ್‌ಪೋರ್ಟಿನ ರಗಳೆ ಇಷ್ಟಿಲ್ಲದ ಕಾಲದ ಒಬ್ಬ ಪ್ರವಾಸಿಯನ್ನು ಪಕ್ಕಕ್ಕಿಟ್ಟು ನೋಡುವುದು ಒಳ್ಳೆಯದು. ಜರ್ಮನ್ ಕವಿ ಗಯಟೆ 1787ರ ಏಪ್ರಿಲ್ ಆರಂಭದಲ್ಲಿ ನೇಪಲ್ಸಿನಿಂದ ಹಡಗಿನಲ್ಲಿ ಪಲೆರ್ಮೊಗೆ ಬಂದ. ಸಮುದ್ರಯಾನದಲ್ಲಿ ಹೊಟ್ಟೆ ತೊಳಸಿ ಮಲಗೇ ಇದ್ದನಂತೆ. ಪಲೆರ್ಮೊದಲ್ಲೇ ಎರಡು ವಾರಕ್ಕೂ ಹೆಚ್ಚು ಕಳೆದ, ಅಲ್ಲಿನ ಉದ್ಯಾನದಲ್ಲಿ ಗಿಡಗಳ ಮೂಲರೂಪದ ಬಗ್ಗೆ ಯೋಚಿಸುತ್ತ ಅಡ್ಡಾಡಿದ. ಆಮೇಲೆ ಅಗ್ರಿಜೆಂಟೊ. ಅಲ್ಲಿಂದ ಕರಾವಳಿ ಹಿಡಿದು ಸಿರಕೂಸಾಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಸಿಸಿಲಿಯನ್ನು ಇಟಲಿಯ ಕಣಜ ಅನ್ನುತ್ತಾರಲ್ಲ, ಆ ಗೋಧಿ ಎಲ್ಲಿ ಬೆಳೆಯುತ್ತದೆ ನೋಡೋಣ ಎಂದು ಒಳನಾಡಿಗೆ ತಿರುಗಿದ. ಕಾಲ್ಟನಿಸೆಟ್ಟಾದಲ್ಲಿ ತಂಗಲು ನೆಟ್ಟಗೆ ಜಾಗ ಸಿಗಲಿಲ್ಲ, ಅಡುಗೆಗೂ ಪರದಾಟ. ಪುರಾಣಪ್ರಸಿದ್ಧ ಎನ್ನಾದ ಬೆಟ್ಟದ ಮೇಲೆ ಮಳೆ ಹಿಡಿಯಿತು, ಛತ್ರದ ಕಿಟಕಿಗೆ ಗಾಜೂ ಇರಲಿಲ್ಲ. ಗೋಧಿ, ಗೋಧಿ, ಗೋಧಿ ನೋಡಿ ಬೇಜಾರಾಗಿ, ಪುರಾಣದ ಹೆಸರು ನಂಬಿ ಇನ್ನು ಯಾವ ಊರಿಗೂ ಹೋಗುವುದಿಲ್ಲ ಎಂದು ಜೊತೆಗಾರನೊಂದಿಗೆ ಶಪಥ ಮಾಡಿದ್ದನ್ನು ಅವನೇ ತಮಾಷೆಯಾಗಿ ಬರೆದಿದ್ದಾನೆ.

ಈ ಪ್ಲಾನು ಯಶಸ್ವಿಯಾಯಿತೆಂದು ಹೇಳಲಾಗದು. ಆದರೂ ಯೋಜನೆಯಾಗಿ ಏಳು ದಿನದ ಸುತ್ತಿಗಿಂತ ಮೇಲು. ಏಕೆಂದರೆ ಅವನಿಗೆ ಒಂದು ಪ್ರಶ್ನೆಯಿತ್ತು, ಆ ಪ್ರಶ್ನೆಗಾಗಿ ಹೆಸರಾಂತ ಊರೊಂದನ್ನು ಗೊತ್ತಿದ್ದೂ ಬಿಟ್ಟ. ಅವನ ಕುರುಡೂ ಸಣ್ಣದಲ್ಲ: ಪಲೆರ್ಮೊದ ನಾರ್ಮನ್ ದೊರೆಗಳ ಕಾಲದ ಕಲೆಯ ಬಗ್ಗೆ ಅವನ ಪುಸ್ತಕದಲ್ಲಿ ಹುಡುಕಿದರೂ ಸಿಗುವುದು ಅಲ್ಪ. ಎರಡನೇ ರೊಜರ್ ಕಟ್ಟಿಸಿದ ಅರಮನೆಯ ಪೂಜಾಮಂದಿರದಲ್ಲಿ ಬೈಜಾಂಟಿಯಂ ಶೈಲಿಯ ಚಿನ್ನದ ಮೊಸಾಯಿಕ್ ಗೋಡೆ, ಮೇಲೆ ಅರಬ್ ಕುಶಲಕರ್ಮಿಗಳ ಕೈಯ ಜೇನುಗೂಡಿನಂಥ ಮರದ ಚಾವಣಿ. ಕ್ರೈಸ್ತ ದೊರೆಯ ಗುಡಿಯ ಸೂರಿನಲ್ಲಿ ಅರಬ್ಬಿ ಬರಹ. ಗ್ರೀಕರನ್ನೇ ಹುಡುಕುತ್ತ ಬಂದ ಕಣ್ಣಿಗೆ ಇದು ಬೀಳಲಿಲ್ಲ.

“ನಾವೇನು ಮತ್ತೆ ಮತ್ತೆ ಹೋಗುತ್ತೇವೆಯೇ, ಹೋದಾಗ ಎಲ್ಲ ನೋಡಿಬಿಡಬೇಕು” ಎಂಬ ಮಾತಿದೆ. ಇದನ್ನು ತಳ್ಳಿಹಾಕುವುದು ಕಷ್ಟ. ಅಪ್ಪ ಅಮ್ಮನನ್ನು ಕರೆದುಕೊಂಡು, ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಹೊರಟವರಿಗೆ ‘ನಿಧಾನವಾಗಿ ಸವಿಯಿರಿ’ ಎನ್ನುವುದು ಹೊಟ್ಟೆ ತುಂಬಿದವರ ಉಪದೇಶ. ಆದರೆ ಎಲ್ಲ ನೋಡಿಬಿಡುತ್ತೇವೆ ಎಂಬುದೇ ಸುಳ್ಳು. ಸಿಸಿಲಿಯಲ್ಲಿ ಚರ್ಚು, ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುವುದು ಸಾಮಾನ್ಯ. ದಿನಕ್ಕೆರಡು ಊರಿನವರು ಎರಡನೆಯ ಊರಿಗೆ ತಲುಪುವುದು ಸರಿಯಾಗಿ ಆ ಹೊತ್ತಿಗೆ. ಮುಚ್ಚಿದ ಬಾಗಿಲ ಮುಂದೆ ಐಸ್‌ಕ್ರೀಂ ತಿಂದು ಹೊರಡುತ್ತಾರೆ. ಹೋದ ಪುಟ್ಟ, ಬಂದ ಪುಟ್ಟ.

ಹಾಗಾದರೆ ಹೇಗೆ? ದ್ವೀಪವನ್ನು ಪೂರ್ವ, ಪಶ್ಚಿಮ ಎಂದು ಸೀಳಿ ಒಂದನ್ನು ಆರಿಸಿಕೊಳ್ಳುವುದು ನನಗೆ ಸರಿಕಾಣುವ ದಾರಿ. ಹತ್ತು ದಿನವಿದ್ದರೆ ಎರಡೂ ಆಗಲಿ, ಆದರೆ ಎರಡೇ ಬೀಡು. ಪಲೆರ್ಮೊದಲ್ಲಿ ಉಳಿದು ಚೆಫಲುವಿಗೆ ರೈಲಿನಲ್ಲಿ ಗಂಟೆಯೊಳಗೆ, ಅಗ್ರಿಜೆಂಟೊಗೆ ಸುಮಾರು ಎರಡು ಗಂಟೆಯಲ್ಲಿ ಹೋಗಿ ರಾತ್ರಿ ಮನೆಗೆ ಮರಳಬಹುದು. ಸಿರಕೂಸಾದಲ್ಲಿ ಉಳಿದರೆ ನೋಟೊ ಅರ್ಧ ಗಂಟೆ, ಕಟಾನಿಯಾ ಒಂದು ಗಂಟೆಯ ಚಿಲ್ಲರೆ. 1693ರ ಜನವರಿ 11ರ ಭೂಕಂಪದಲ್ಲಿ ನೆಲಸಮವಾದ ನೋಟೊವನ್ನು ಹಳೆಯ ಜಾಗ ಬಿಟ್ಟು ಹೊಸದಾಗಿ ಕಟ್ಟಿದರು. ಆ ಜೇನುಬಣ್ಣದ ಕಲ್ಲಿಗೆ ಸಂಜೆ ಬೇಕು ಎಂಬುದು ನಿಜವೇ, ಅರ್ಧ ಗಂಟೆಯ ದೂರದಲ್ಲಿದ್ದವರಿಗೆ ಸಂಜೆ ಯಾವ ದಿನವೂ ಸಿಗುತ್ತದೆ. ಕಾರು ಬೇಕಾಗುವುದು ಒಳನಾಡಿಗೆ, ಒಂದೆರಡು ದಿನಕ್ಕೆ. ಊರೊಳಗೆ ಅದು ಹೊರೆ. ಹಳೆಯ ಕೇರಿಗಳಿಗೆ ಹೊರಗಿನ ವಾಹನ ನಿಷಿದ್ಧ, ಕ್ಯಾಮೆರಾ ನಂಬರ್ ಹಿಡಿಯುತ್ತದೆ, ದಂಡದ ಚೀಟಿ ಊರಿಗೆ ಮರಳಿದ ಮೇಲೆ ಬೆನ್ನಟ್ಟಿ ಬರುತ್ತದೆ.

ಕಾಲದ ಆಯ್ಕೆಯಲ್ಲೂ ಪಟ್ಟಿಗಳು ಸೋಲುತ್ತವೆ. ಶಾಲೆಯ ರಜೆ ಏಪ್ರಿಲ್, ಮೇ ತಿಂಗಳಲ್ಲಿ ಬರುವ ನಮಗೆ ಅದೇ ಅಲ್ಲಿನ ಒಳ್ಳೆಯ ಹವೆ ಎಂಬುದು ಅದೃಷ್ಟ. ಆಗಸ್ಟ್ ಬೇಡವೇ ಬೇಡ. ಇಡೀ ಇಟಲಿ ರಜೆಯಲ್ಲಿರುವ ತಿಂಗಳದು. ಸಿರಕೂಸಾದ ಹತ್ತಿರ 2021ರ ಆಗಸ್ಟ್ 11ರಂದು 48.8 ಡಿಗ್ರಿ ದಾಖಲಾಗಿ ಯುರೋಪ್ ಖಂಡದ ದಾಖಲೆಯಾಯಿತು. 2024ರ ಬರಗಾಲದಲ್ಲಿ ಅಗ್ರಿಜೆಂಟೊದ ಸಣ್ಣ ವಸತಿಗೃಹಗಳು ನೀರಿಲ್ಲವೆಂದು ಅತಿಥಿಗಳನ್ನು ವಾಪಸ್ ಕಳಿಸಿದವು. ಎನ್ನಾ ಬಳಿಯ ಪೆರ್ಗುಸಾ ಸರೋವರ ಬತ್ತಿ ಕೆಸರಾಯಿತು. ಗ್ರೀಕ್ ಪುರಾಣದ ಪಾತಾಳದ ದೊರೆ ಪರ್ಸೆಫೊನಿ ಎಂಬ ದೇವಿಯನ್ನು ಹೊತ್ತೊಯ್ದದ್ದು ಅದೇ ಸರೋವರದ ದಡದಿಂದ ಎಂದು ಕಥೆ. ಬೇಸಿಗೆಯಲ್ಲಿ ಹೋಟೆಲ್ ಬುಕ್ ಮಾಡುವವರು ಈಜುಕೊಳವಿದೆಯೇ ಎಂದು ಕೇಳುವ ಮೊದಲು ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಕೇಳಬೇಕು.

ಊಟದ ಭಯಕ್ಕೇ ಪ್ಯಾಕೇಜ್ ಹಿಡಿಯುವ ಸಸ್ಯಾಹಾರಿಗಳಿಗೆ ಒಂದು ಮಾತು. ಬದನೆಕಾಯಿಯನ್ನು ಹೀಗೆ ಗೌರವಿಸುವ ಊರು ಯುರೋಪಿನಲ್ಲಿ ಕಡಿಮೆ. ಕಟಾನಿಯಾದ ನೋರ್ಮಾ ಪಾಸ್ತಾದಲ್ಲಿ ಕರಿದ ಬದನೆ, ಟೊಮೆಟೊ, ತುಳಸಿಜಾತಿಯ ಸೊಪ್ಪು, ಮೇಲೆ ತುರಿದ ಉಪ್ಪುಗಿಣ್ಣು. ಪಲೆರ್ಮೊದ ಬಲ್ಲರೊ ಸಂತೆಯಲ್ಲಿ ಕಡಲೆಹಿಟ್ಟನ್ನು ನೀರಲ್ಲಿ ತಿರುವಿ ಬೇಯಿಸಿ, ಹರಡಿ ಆರಿಸಿ, ತೆಳ್ಳಗೆ ಕೊಯ್ದು ಎಣ್ಣೆಯಲ್ಲಿ ಕರಿದು, ಎಳ್ಳು ಹಚ್ಚಿದ ಬನ್ನಿನೊಳಗಿಟ್ಟು ನಿಂಬೆ ಹಿಂಡಿ ಕೊಡುತ್ತಾರೆ. ಪನೆಲ್ಲೆ ಅಂತ ಹೆಸರು. ಇದನ್ನು ಬಿಟ್ಟು ಹೋಟೆಲಿನ ನೆಲಮಾಳಿಗೆಯಲ್ಲಿ ಗುಂಪಿಗೆಂದು ಮಾಡಿದ ದಾಲ್ ತಿನ್ನಲು ಎರಡು ವಿಮಾನ ಬದಲಿಸಬೇಕಾಗಿರಲಿಲ್ಲ.

ಗಯಟೆಯ ಧೈರ್ಯ ಮೆಚ್ಚಿದರೂ ಸಿರಕೂಸಾ ಬಿಡುವ ವಿಷಯದಲ್ಲಿ ನಾನು ಅವನ ಹಿಂದೆ ಹೋಗಲಾರೆ. ಗ್ರೀಕ್ ನಾಟಕಕಾರ ಈಸ್ಕಿಲಸ್ ತನ್ನ ‘ಪರ್ಷಿಯನ್ನರು’ ನಾಟಕವನ್ನು ದೊರೆ ಹಿಯೆರೊನನ ಆಹ್ವಾನದ ಮೇಲೆ ಮತ್ತೊಮ್ಮೆ ಆಡಿಸಿದ್ದು ಈ ಊರಿನಲ್ಲಿ, ಬಿ.ಎಂ.ಶ್ರೀ. ‘ಪಾರಸಿಕರು’ ಎಂದು ಕನ್ನಡಕ್ಕೆ ತಂದದ್ದು ಅದೇ ನಾಟಕವನ್ನು. ಬಂಡೆ ಕೊರೆದು ಮಾಡಿದ ಇಲ್ಲಿನ ರಂಗಮಂದಿರದಲ್ಲಿ 1914ರಲ್ಲಿ ಅದೇ ಕವಿಯ ‘ಅಗಮೆಮ್ನಾನ್’ನಿಂದ ಗ್ರೀಕ್ ನಾಟಕಗಳ ಪ್ರಯೋಗ ಮತ್ತೆ ಶುರುವಾಯಿತು. ಈಗ ಮೇ ತಿಂಗಳಿಂದ ಬೇಸಿಗೆಯವರೆಗೆ ಸಂಜೆಯ ಆಟ, ಇಟಾಲಿಯನ್ ಭಾಷೆಯಲ್ಲಿ. ಏಳು ದಿನದವರು ಇಲ್ಲಿಗೆ ಬೆಳಿಗ್ಗೆ ಹತ್ತಕ್ಕೆ ಬಂದು ಖಾಲಿ ಮೆಟ್ಟಿಲು ನೋಡಿ ಹೋಗುತ್ತಾರೆ. ಮೇ ಕೊನೆಗೋ ಜೂನ್‌ನಲ್ಲೋ ಹೊರಡುವವರು ವಿಮಾನಕ್ಕಿಂತ ಮೊದಲು ನಾಟಕದ ಟಿಕೆಟ್ ಕೊಳ್ಳಲಿ, ಕಥೆಯನ್ನು ಇಲ್ಲಿಂದಲೇ ಓದಿಕೊಂಡು ಹೋಗಲಿ. ಕೂರುವುದಕ್ಕೆ ಒಂದು ದಿಂಬೂ ಇರಲಿ, ಆಟ ಮುಗಿಯುವುದು ಕತ್ತಲಾದ ಮೇಲೆ.